ಭಾನುವಾರದ ಮಾತು: ಗೋಡೆ ಒಡೆದ ಕಾನೂನು ಅಧಿಕಾರಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಪ್ರಷ್ಯಾದ (ಹಿಂದಿನ ಒಂದು ಜರ್ಮನ್ ರಾಜ್ಯ) ಕಾರ್ಲ್ ಫ್ರಿಕ್ಸಿಯಸ್ (1779–1856) ಬಗ್ಗೆ ಮಾತಾಡೋಣ. ಕಸುಬಿನಲ್ಲಿ ಕಾನೂನಿನವರು. ಆದರೆ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಕ್ಯೋನಿಗ್ಸ್‌ಬರ್ಗ್‌ನ ನಾಗರಿಕ ಪಡೆಯ ಮೇಜರ್. 1813ರ ಅಕ್ಟೋಬರ್ 19, ನೆಪೋಲಿಯನ್ ಪಡೆಯ ಕೈಯಲ್ಲಿದ್ದ ಜರ್ಮನ್ ನಗರ ಲೈಪ್‌ಜಿಗ್. ನಗರದ ಗ್ರಿಮ್ಮಾ ಹೆಬ್ಬಾಗಿಲು ಭದ್ರವಾಗಿ ಮುಚ್ಚಿತ್ತು. ಪಕ್ಕದ ಗೋಡೆಯನ್ನು ಬಂದೂಕಿನ ಹಿಡಿಯಿಂದ ಗುದ್ದಿ ಗುದ್ದಿ ಒಡೆದು, ಆ ಕಿಂಡಿಯಲ್ಲೇ ಒಳನುಗ್ಗಿದರು! ವಕೀಲರೆಂದರೆ ಸುಮ್ನೆ ಕಾಗದ ತಿರುವುವವರು ಅಂದುಕೊಂಡಿದ್ದೆವು, ಅಲ್ವಾ?

ಮುಂದೆ ಅವರೇ ಪ್ರಷ್ಯಾ ಸೇನೆಯ ಮುಖ್ಯ ಕಾನೂನು ಅಧಿಕಾರಿಯಾದರು. ಸೈನಿಕರ ಮೇಲಿನ ಮೊಕದ್ದಮೆ, ಶಿಕ್ಷೆ ಎಲ್ಲ ಆ ಇಲಾಖೆಯ ಕೆಲಸ. ಸೇನಾ ಕಾನೂನಿನ ಬಗ್ಗೆ ದಪ್ಪ ಪುಸ್ತಕಗಳನ್ನೂ ಬರೆದರು. ನನಗೆ ಜಾಸ್ತಿ ಕುತೂಹಲ ಇರುವುದು ಈ ಭಾಗದಲ್ಲೇ. ಹಳೆಯ ಲೈಪ್‌ಜಿಗ್ ನಕ್ಷೆ ಯಾರ ಬಳಿಯಾದರೂ ಇದ್ದರೆ ಶನಿವಾರದೊಳಗೆ ಇಲ್ಲಿ ಹಾಕಿ.