ಬೂಟಿನ ಮಣ್ಣು ಕೆರೆದವರಿಗೆ ನಮಸ್ಕಾರ

ಇಂಗ್ಲೆಂಡಿನಿಂದ ನ್ಯೂಜಿಲೆಂಡ್ ಪ್ರವಾಸಕ್ಕೆ ಹೊರಟ ಶಾಲಾ ರಗ್ಬಿ ತಂಡದ ಕಿಟ್ ಚೀಲಗಳನ್ನು ಸಿದ್ಧಮಾಡಿಕೊಟ್ಟು, ಹೆಸರು ಹಾಕಬೇಡಿ ಎಂದವರಿಗೆ ಪೋಷಕರೆಲ್ಲರ ಧನ್ಯವಾದ.

ಬೂಟು ತೊಳೆಯುವುದೇನು ಮಹಾ ಎನ್ನುವವರು ಹೊರಗಿನ ಕೀಟ, ರೋಗ ಒಳಬರದಂತೆ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ನಡೆಸುವ ಜೈವಿಕ ಸುರಕ್ಷತಾ ತಪಾಸಣೆಯನ್ನು ನೋಡಿರಲಿಕ್ಕಿಲ್ಲ. ಸ್ಟಡ್ (ಬೂಟಿನಡಿಯ ಹಿಡಿತದ ಗುಬಟು) ಬುಡದಲ್ಲಿ ಚಿಟಿಕೆ ಮಣ್ಣು, ಲೇಸಿನಲ್ಲಿ ಒಂದು ಹುಲ್ಲಿನ ಬೀಜ ಸಿಕ್ಕರೂ ಬೂಟು ಪಕ್ಕಕ್ಕೆ ಹೋಗುತ್ತದೆ. ಘೋಷಿಸದೆ ಒಯ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು. ನೀವು ಸ್ಟಡ್ ಬಿಚ್ಚಿ, ತಿರುಪಿನ ಕುಳಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದು, ಇನ್‌ಸೋಲ್ ಎತ್ತಿ, ನೆರಳಲ್ಲಿ ಪೂರ್ತಿ ಒಣಗಿಸಿದಿರಿ. ಒದ್ದೆ ಬೂಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೂಸ್ಟು ಗ್ಯಾರಂಟಿ. 21 ಮಿಲಿಮೀಟರ್ ಮೀರಿದ, ಅಂಚು ಹರಿತವಾದ ಸ್ಟಡ್‌ಗಳನ್ನೂ ಬದಲಿಸಿದಿರಿ. ತೊಳೆದಿದ್ದರೂ ಪ್ರಯಾಣಿಕರ ಘೋಷಣೆಯಲ್ಲಿ ಬಳಸಿದ ಬೂಟಿನ ಪ್ರಶ್ನೆಗೆ ‘ಹೌದು’ ಎಂದೇ ತುಂಬಿಸಿದ್ದು ಸರಿಯಾದ ಬುದ್ಧಿ.

ಚೆಂಡುಗಳ ಗಾಳಿ ಇಳಿಸಿ, ಪಂಪಿನ ಜೊತೆ ಹೆಚ್ಚುವರಿ ಸೂಜಿ ಇಟ್ಟಿರಿ. ಸೂಜಿಯನ್ನು ನೀರಿನಲ್ಲಿ ಅದ್ದದೆ ಚುಚ್ಚಿದರೆ ವಾಲ್ವ್ ಹರಿದುಹೋಗಬಹುದು; ಆಡುವಾಗ ಚೆಂಡಿನೊಳಗಿನ ಗಾಳಿಯ ಒತ್ತಡ 9.5ರಿಂದ 10 ಪಿಎಸ್‌ಐ ಇರಬೇಕು. ಟೇಪ್ ಕತ್ತರಿಯನ್ನು ಕೈಚೀಲದಿಂದ ದೊಡ್ಡ ಲಗೇಜಿಗೆ ಹಾಕಿದ್ದೂ ನೀವೇ.

ವಿಮೆಯ ಪತ್ರ ಓದಿಸಿದ್ದಕ್ಕೆ ಇನ್ನೊಂದು ಸಲಾಮು. ಅಲ್ಲಿ ಅಪಘಾತದಲ್ಲಿ ಗಾಯವಾದರೆ ಎಸಿಸಿ ಎಂಬ ಸರ್ಕಾರಿ ಅಪಘಾತ ಪರಿಹಾರ ಯೋಜನೆ ಪ್ರವಾಸಿಗರ ಚಿಕಿತ್ಸೆಗೂ ನೆರವಾಗುತ್ತದೆ. ಆದರೆ ಕಾಯಿಲೆಗೆ ಇಲ್ಲ, ಊರಿಗೆ ಮರಳುವ ಖರ್ಚಿಗೂ ಇಲ್ಲ. ಹಲವು ಪ್ರವಾಸ ವಿಮೆಗಳು ರಗ್ಬಿಯನ್ನೇ ಹೊರಗಿಡುತ್ತವೆ. ‘ರಗ್ಬಿ ಪಂದ್ಯ’ ಎಂದು ಪಾಲಿಸಿಯಲ್ಲೇ ಬರೆಸಿಕೊಂಡು ಬನ್ನಿ ಎಂದು ಪಟ್ಟು ಹಿಡಿದಿರಿ, ಬರೆಸಿಯೂ ಆಯಿತು.