ಕಮಲ ಬಸದಿಯ ಶಾಸನ ಬಸದಿಯಲ್ಲೂ ಕಾಣಲಿ

ಮಾನ್ಯರೇ,

ಜರ್ಮನಿಯ ಕೊಲೋನ್ ನಗರದಲ್ಲಿ ನೌಕರಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಹಳೆಯ ಕೆಥೆಡ್ರಲ್ ನೋಡಿ ಬಂದೆ. ರೈಲು ನಿಲ್ದಾಣದಿಂದ ಹೊರಬಿದ್ದ ಕೂಡಲೇ ಎದುರಾಗುವ ಅದರ ಅವಳಿ ಗೋಪುರಗಳು ಸುಮಾರು 157 ಮೀಟರ್ ಎತ್ತರವಿವೆ. 1248ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ ಪೂರ್ಣಗೊಂಡದ್ದು 1880ರಲ್ಲಿ. ನಡುವೆ ಕೆಲಸ ನಿಂತುಹೋಗಿದ್ದ ಶತಮಾನಗಳಲ್ಲಿ, ಅರೆಬರೆ ಗೋಪುರದ ಮೇಲೆ ಉಳಿದುಹೋದ ಕಲ್ಲೆತ್ತುವ ಮರದ ಯಂತ್ರವೇ ಊರಿನ ಗುರುತಾಗಿತ್ತಂತೆ. ದಕ್ಷಿಣ ಗೋಪುರದ 533 ಮೆಟ್ಟಿಲುಗಳಲ್ಲಿ ಅರ್ಧ ಏರುವಷ್ಟರಲ್ಲಿ ನನ್ನ ಮೊಣಕಾಲು ಸೋತವು. ಚರ್ಚಿನದೇ ಕಾರ್ಯಾಗಾರದಲ್ಲಿ ಕಲ್ಲುಕುಟಿಗರು ಇಂದಿಗೂ ಸವೆದ ಕಲ್ಲಿನ ಬದಲಿಗೆ ಹೊಸದನ್ನು ಕಡೆದು ಕೂಡಿಸುತ್ತಾರೆ. ಈ ಕೆಲಸ ಮುಗಿದ ದಿನ ಲೋಕವೂ ಮುಗಿಯುತ್ತದೆ ಎಂಬುದು ಅಲ್ಲಿಯವರ ತಮಾಷೆಯ ಮಾತು.

ಊರಿಗೆ ಮರಳಿದ ಮೇಲೆ ಮೊಮ್ಮಗನನ್ನು ಬೆಳಗಾವಿ ಕೋಟೆಯ ಕಮಲ ಬಸದಿಗೆ ಕರೆದೊಯ್ದಿದ್ದೆ. ಮಂಟಪದ ಚಾವಣಿಯಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿದ ಹುಡುಗ, "ಇದನ್ನು ಯಾರು ಕಟ್ಟಿಸಿದ್ರು ಅಂತ ಇಲ್ಲಿ ಎಲ್ಲಿ ಬರದಾರ ಅಜ್ಜಾ?" ಎಂದು ಕೇಳಿದ. ಬರೆದಿದ್ದಾರೆ, ಆದರೆ ಆ ಬರಹ ಇಲ್ಲಿಲ್ಲ ಎಂದು ಹೇಳಬೇಕಾಯಿತು. ಆಗ ಈ ಸೀಮೆಯನ್ನು ಆಳುತ್ತಿದ್ದ ರಟ್ಟ ಮನೆತನದ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಈ ಜಿನಾಲಯವನ್ನು ಕಟ್ಟಿಸಿದ್ದನ್ನೂ, ಅದಕ್ಕೆ ಬಿಟ್ಟ ದತ್ತಿಗಳನ್ನೂ ಹೇಳುವ 1204ರ ಎರಡು ಕನ್ನಡ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೊಲೋನ್ ಚರ್ಚಿನ ಅಡಿಗಲ್ಲಿಗಿಂತ ಅವು 44 ವರ್ಷ ಹಳೆಯವು. ನಮ್ಮ ಊರನ್ನು ವೇಣುಗ್ರಾಮವೆಂದು ಕರೆಯುವ ಆ ಸಾಲುಗಳನ್ನು ಓದಬೇಕಾದ ಮಕ್ಕಳು ಇಲ್ಲಿದ್ದಾರೆ, ಕಲ್ಲುಗಳು ಅಲ್ಲಿವೆ.

ಮೂಲ ಶಾಸನಗಳು ಮರಳಿ ಬರಬೇಕೆಂಬುದು ದೀರ್ಘಕಾಲದ, ಸರಕಾರಗಳ ಮಟ್ಟದ ವಿಷಯ, ಅಲ್ಲಿಯವರೆಗೆ ಕಾಯಬೇಕಿಲ್ಲ. ಶಾಸನಗಳ ಪಾಠವನ್ನು ವಿದ್ವಾಂಸರು ಓದಿ ಪ್ರಕಟಿಸಿ ನೂರು ವರ್ಷ ದಾಟಿದೆ. ಸಂಬಂಧಪಟ್ಟವರು ಅವುಗಳ ಅಳತೆಗೆ ಸರಿಯಾದ ಕಲ್ಲಿನ ಪ್ರತಿಗಳನ್ನು ಕೆತ್ತಿಸಿ, ಪಕ್ಕದಲ್ಲಿ ಇಂದಿನ ಲಿಪಿಯಲ್ಲಿ ಪಾಠವನ್ನೂ ಹೈಸ್ಕೂಲಿನ ಮಕ್ಕಳಿಗೆ ತಿಳಿಯುವಂತಹ ಸರಳ ಸಾರಾಂಶವನ್ನೂ ಇಡಬೇಕೆಂದು ವಿನಂತಿಸುತ್ತೇನೆ. ಕೆತ್ತುವ ಕುಶಲಿಗಳಿಗಾಗಿ ನಮ್ಮ ಸೀಮೆಯಲ್ಲಿ ದೂರ ಹುಡುಕಬೇಕಾಗಿಯೂ ಇಲ್ಲ. ಹಳೆಯ ಗೋಡೆಗಳಿಗೆ ಮೊಳೆ ಹೊಡೆಯುವುದು, ಸಿಮೆಂಟು ಮೆತ್ತುವುದು ಮಾತ್ರ ಬೇಡ. ಹೊರಗಿನ ಅಂಗಳದಲ್ಲಿ ಒಂದು ಕಟ್ಟೆಯ ಮೇಲೆ ನಿಲ್ಲಿಸಿದರೂ ಸಾಕು.

– ನಿವೃತ್ತ ಶಿಕ್ಷಕ, ಟಿಳಕವಾಡಿ, ಬೆಳಗಾವಿ