ಮರದ ಅಂಗಡಿಯ ಮುಂದೆ ಸಿಕ್ಕ ಹಿರಿಯರಿಗೆ

ಸಾಗರದ ನಮ್ಮ ಮನೆಯ ಹಿತ್ತಿಲಿನಲ್ಲಿ ಮಗಳಿಗಾಗಿ ನಿಲ್ಲಿಸಿದ್ದ ಬ್ಯಾಸ್ಕೆಟ್‌ಬಾಲ್ ಹಲಗೆ ಒಂದೇ ಮಳೆಗಾಲಕ್ಕೆ ಉಬ್ಬಿ, ನೆನೆದ ಪುಸ್ತಕದಂತೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಅದೇ ತಪ್ಪನ್ನು ಮತ್ತೊಮ್ಮೆ ಮಾಡಲು ಹೊರಟಿದ್ದ ನನ್ನನ್ನು ಮರದ ಅಂಗಡಿಯ ಮುಂದೆ ತಡೆದ ಹಿರಿಯರೊಬ್ಬರಿಗೆ ಈ ಕೃತಜ್ಞತೆ ಸಲ್ಲಬೇಕು. ಹೆಸರು ಕೇಳುವಷ್ಟರಲ್ಲಿ ಅವರು ಬಸ್ ಹತ್ತಿಯಾಗಿತ್ತು.

ನಾನು ಆರಿಸಿದ್ದ ಅಗ್ಗದ ಪ್ಲೈವುಡ್ಡನ್ನು ಬೆರಳಿನಿಂದ ತಟ್ಟಿ ನೋಡಿದ ಅವರು, ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಾಳಿಕೊಳ್ಳುವ ಮರೈನ್ ಪ್ಲೈವುಡ್ಡನ್ನೇ ಕೊಳ್ಳುವಂತೆ ಹೇಳಿದರು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಹಾಳೆಯಲ್ಲಿ 1.80 ಮೀಟರ್ ಅಗಲ, 1.05 ಮೀಟರ್ ಎತ್ತರದ ಪೂರ್ಣ ಅಳತೆಯ ಹಲಗೆ ಸಲೀಸಾಗಿ ಸಿಗುತ್ತದೆ. ಆದರೆ ನೀರು ಹೆಚ್ಚಾಗಿ ಒಳಹೋಗುವುದು ಬಣ್ಣ ಬಳಿದ ಮುಖದಿಂದಲ್ಲ, ಕೊಯ್ದ ಅಂಚಿನಿಂದ ಮತ್ತು ಬೋಲ್ಟಿನ ತೂತುಗಳಿಂದ ಎಂಬುದು ಅವರು ಹೇಳುವವರೆಗೂ ನನಗೆ ಹೊಳೆದಿರಲಿಲ್ಲ. ಹಳೆಯ ರಸೀದಿಯೊಂದರ ಬೆನ್ನಿನ ಮೇಲೆ, ಅಂಚಿಗೆ ಮೂರು ಸಲ ಪ್ರೈಮರ್, ತೂತಿನೊಳಗೂ ಕುಂಚ, ರಿಂಗಿನ ಬೋಲ್ಟುಗಳು ಹಿಂಬದಿಯ ಮರದ ಪಟ್ಟಿಯನ್ನೂ ಹಾದುಹೋಗಬೇಕು ಎಂದು ಬರೆದುಕೊಟ್ಟರು. ಹಲಗೆಯ ಕೆಳ ಅಂಚು ನೆಲದಿಂದ 2.90 ಮೀಟರ್, ರಿಂಗು 3.05 ಮೀಟರ್, ನಡುವಿನ ಆ 15 ಸೆಂಟಿಮೀಟರ್ ತಪ್ಪಿದರೆ ರಿಂಗಿನ ಹಿಂದೆ ಹಲಗೆಯ ಮೇಲೆ ಬರೆಯುವ 59 ಸೆಂಟಿಮೀಟರ್ ಅಗಲದ ಒಳ ಆಯತವೂ ಸ್ಥಾನ ತಪ್ಪುತ್ತದೆಂದು ಗೆರೆ ಎಳೆದು ತೋರಿಸಿದರು.

ಈಗ ಎರಡು ಮಳೆಗಾಲ ಕಳೆದಿವೆ. ಕೆಳಮೂಲೆಯಲ್ಲಿ ಬಣ್ಣ ತುಸು ಎದ್ದಿದೆ (ಅದು ನನ್ನ ಅವಸರದ ಫಲ), ಹಲಗೆ ಮಾತ್ರ ನೆಟ್ಟಗಿದೆ. ಸ್ವಾಮಿ, ತಮಗೆ ಹೃತ್ಪೂರ್ವಕ ಧನ್ಯವಾದಗಳು. ಆ ರಸೀದಿ ಇನ್ನೂ ನನ್ನ ಬಳಿಯೇ ಇದೆ.